ಒಂದು ಹಾಲ್, ಹಲವು ಇಸವಿಗಳು: ರಾತ್ರಿ ಡೆಸ್ಕಿನ ಒಂದು ತಪ್ಪು

ಕನ್ನಡ ದಿನಪತ್ರಿಕೆಯೊಂದರ ರಾತ್ರಿ ಡೆಸ್ಕಿನಲ್ಲಿ ವಿದೇಶ ಪುಟವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸುದ್ದಿಸಂಸ್ಥೆಗಳಿಂದ ಇಂಗ್ಲಿಷಿನಲ್ಲಿ ಬರುವ ವರದಿಗಳನ್ನು ಕನ್ನಡಕ್ಕೆ ತಂದು, ಚಿತ್ರಗಳಿಗೆ ಅಡಿಬರಹ ಕೊಟ್ಟು, ಜಾಗ ಉಳಿದರೆ ಹಿನ್ನೆಲೆ ತಿಳಿಸುವ ಒಂದು ಬಾಕ್ಸ್ ಬರೆದು, ಜಿಲ್ಲಾ ಆವೃತ್ತಿ ಅಚ್ಚಿಗೆ ಹೋಗುವ ಮೊದಲು ಪುಟ ಬಿಡಬೇಕು. 2022ರ ಸೆಪ್ಟೆಂಬರ್ 14ರಂದು ಎರಡನೇ ಎಲಿಜಬೆತ್ ರಾಣಿಯ ಪಾರ್ಥಿವ ಶರೀರವನ್ನು ಸಾರ್ವಜನಿಕ ದರ್ಶನಕ್ಕಾಗಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲ್‌ಗೆ ತಂದಾಗ ನಮ್ಮಲ್ಲಿ ಸಂಜೆ ಏಳೂವರೆಯಾಗಿತ್ತು. ಪುಟಕ್ಕೆ ದೊಡ್ಡ ಚಿತ್ರ ಸಿಕ್ಕಿತು; ಅದರ ಪಕ್ಕಕ್ಕೆ ಒಂದು ಬಾಕ್ಸ್ ಬೇಕಾಯಿತು.

ಆ ಬಾಕ್ಸಿನ ಮೊದಲ ವಾಕ್ಯ ನನಗೆ ಈಗಲೂ ಬಾಯಿಪಾಠವಾಗಿದೆ: “1097ರಲ್ಲಿ ನಿರ್ಮಿಸಲಾದ, ಓಕ್ ಮರದ ಭವ್ಯ ಚಾವಣಿಯ ಈ ಸಭಾಂಗಣದಲ್ಲಿ ಶತಮಾನಗಳಿಂದ ಬ್ರಿಟನ್ನಿನ ದೊರೆಗಳ ಪಟ್ಟಾಭಿಷೇಕ ನಡೆಯುತ್ತ ಬಂದಿದೆ.” ಬರೆದಾಗ ಚೆನ್ನಾಗಿ ಬಂತೆಂದು ಹೆಮ್ಮೆಪಟ್ಟಿದ್ದೆ. ಮುಖ್ಯ ಉಪಸಂಪಾದಕರು ಕಣ್ಣಾಡಿಸಿ ಬಿಟ್ಟರು, ಪುಟ ಹೋಯಿತು.

ಮರುದಿನ ಮಧ್ಯಾಹ್ನ ಕಚೇರಿಗೆ ಬಂದ ಕರೆ ನನ್ನ ಮೇಜಿಗೆ ಬಂತು. ಮರಗೆಲಸ ಕಲಿಸುತ್ತಿದ್ದು ನಿವೃತ್ತರಾದ ಹಿರಿಯರೊಬ್ಬರು ಮಲೆನಾಡಿನಿಂದ ಮಾತನಾಡುತ್ತಿದ್ದರು. “ಚಿತ್ರ ನೋಡಿದೆ ಕಣಮ್ಮಾ. ಅಷ್ಟು ಅಗಲದ ಮನೆಗೆ ನಡುವೆ ಒಂದು ಕಂಬವೂ ಇಲ್ಲದೆ ಮಾಡು ಹೊದಿಸಿದ್ದಾರೆ. ಒಂಬೈನೂರು ವರ್ಷದ ಹಿಂದೆ ಅಂಥ ಉದ್ದದ ತೊಲೆ ಎಲ್ಲಿಂದ ತಂದರು, ಸ್ವಲ್ಪ ವಿಚಾರಿಸಿ ಹೇಳ್ತೀರಾ?” ಎಂದು ಕೇಳಿದರು. ಅವರು ತಪ್ಪು ಹಿಡಿಯಲು ಕರೆ ಮಾಡಿದ್ದಲ್ಲ. ಕೆಲಸಗಾರನ ಕುತೂಹಲದಿಂದ ಕೇಳಿದ್ದರು. ಉತ್ತರ ಹುಡುಕಲು ಹೊರಟ ಮೇಲೆಯೇ ನನ್ನ ಒಂದು ವಾಕ್ಯದಲ್ಲಿ ಮೂರು ತಪ್ಪುಗಳಿರುವುದು ತಿಳಿಯಿತು.

ಮೊದಲನೆಯದು ಅವರು ಕೇಳಿದ ಚಾವಣಿಯೇ. ವಿಜಯಿ ವಿಲಿಯಂನ ಮಗ ಎರಡನೇ ವಿಲಿಯಂ 1097ರಲ್ಲಿ ಕಟ್ಟಲು ತೊಡಗಿ, 1099ರಲ್ಲಿ ಮೊದಲ ಔತಣ ನಡೆಸಿದ ಹಾಲ್‌ನ ಅಳತೆ ಸುಮಾರು 240 ಅಡಿ ಉದ್ದ, 67 ಅಡಿ ಅಗಲ. ಆಗಿನ ಇಂಗ್ಲೆಂಡಿನಲ್ಲಿ ಅಷ್ಟು ದೊಡ್ಡ ಹಾಲ್ ಮತ್ತೊಂದಿರಲಿಲ್ಲ. ಹಾಗಿದ್ದರೂ ತಾನು ಬಯಸಿದ್ದರ ಅರ್ಧದಷ್ಟೂ ಇಲ್ಲವೆಂದು ದೊರೆ ಗೊಣಗಿದನೆಂಬ ಕಥೆಯಿದೆ. ಆ ಕಾಲದ್ದಾಗಿ ಇಂದಿಗೆ ಉಳಿದಿರುವುದು ಮುಖ್ಯವಾಗಿ ಗೋಡೆಗಳು. ಚಿತ್ರದಲ್ಲಿ ಕಾಣುವ ಚಾವಣಿ ಅದಕ್ಕಿಂತ ಮೂರು ಶತಮಾನ ಕಿರಿಯದು. ಎರಡನೇ ರಿಚರ್ಡ್ 1393ರಲ್ಲಿ ಹಾಲ್ ಅನ್ನು ಹೊಸದಾಗಿ ರೂಪಿಸಲು ತೊಡಗಿದಾಗ ಕಲ್ಲಿನ ಕೆಲಸವನ್ನು ಹೆನ್ರಿ ಯೆವೆಲೆಗೂ ಮರದ ಕೆಲಸವನ್ನು ಹ್ಯೂ ಹರ್ಲಂಡ್‌ಗೂ ಒಪ್ಪಿಸಿದ.

ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿತ್ತು: 67 ಅಡಿಯ ತೊಲೆಯನ್ನು ಹರ್ಲಂಡ್ ತರಲೇ ಇಲ್ಲ. ಎರಡೂ ಗೋಡೆಗಳಿಂದ ಒಳಕ್ಕೆ ಗಿಡ್ಡ ತೊಲೆಗಳನ್ನು ಚಾಚಿ, ಅವುಗಳಿಗೆ ಕೆಳಗಿನಿಂದ ಬಾಗಿದ ಆಸರೆ ಕೊಟ್ಟು, ಚಾಚಿದ ತುದಿಗಳ ಮೇಲೆ ಕಂಬಗಳನ್ನು ನಿಲ್ಲಿಸಿ, ಎಲ್ಲವನ್ನೂ ದೊಡ್ಡ ಮರದ ಕಮಾನುಗಳಿಂದ ಬಿಗಿದು, ಭಾರವನ್ನು ಗೋಡೆಗಳಿಗೆ ಇಳಿಸಿದ. ಹ್ಯಾಮರ್‌ಬೀಮ್ ಎಂದು ಕರೆಯುವ ಈ ಬಗೆಯ ಚಾವಣಿಗಳಲ್ಲಿ ಹೆಸರಾದದ್ದು ಇದೇ. ಚಾಚಿದ ಒಂದೊಂದು ತೊಲೆಯ ತುದಿಯಲ್ಲಿಯೂ ಒಬ್ಬ ದೇವದೂತನನ್ನು ಕೆತ್ತಿದ್ದಾರೆ. ಆರುನೂರು ಟನ್ನಿಗೂ ಹೆಚ್ಚು ತೂಗುವ ಓಕ್ ಮರವನ್ನು ಸರ್ರೆಯ ಫಾರ್ನಂ ಬಳಿ ಕೊರೆದು, ಹೊಂದಿಸಿ ನೋಡಿ, ಮತ್ತೆ ಬಿಚ್ಚಿ, ಗಾಡಿಗಳಲ್ಲಿಯೂ ಥೇಮ್ಸ್ ನದಿಯ ದೋಣಿಗಳಲ್ಲಿಯೂ ಲಂಡನ್ನಿಗೆ ಸಾಗಿಸಿದರು. ಇದನ್ನು ಫೋನಿನಲ್ಲಿ ಓದಿ ಹೇಳಿದಾಗ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅವರೂ ನಮ್ಮ ಹಾಗೆಯೇ ನೆಲದ ಮೇಲೆ ಜೋಡಿಸಿ ನೋಡಿಯೇ ಮೇಲಕ್ಕೆ ಏರಿಸಿದ್ದು” ಎಂದರು. ನನ್ನ ಇಡೀ ಬಾಕ್ಸಿಗಿಂತ ಆ ಮಾತು ಚೆನ್ನಾಗಿತ್ತು.

ಅದೇ ಚಾವಣಿಯೂ ಪೂರ್ತಿ ಹದಿನಾಲ್ಕನೇ ಶತಮಾನದ್ದಲ್ಲ. ಮರ ಕೊರೆಯುವ ಡೆತ್‌ವಾಚ್ ಎಂಬ ದುಂಬಿ ತೊಲೆಗಳನ್ನು ಒಳಗೊಳಗೇ ಟೊಳ್ಳು ಮಾಡಿದ್ದರಿಂದ, 1914ರಿಂದ 1923ರವರೆಗೆ ಫ್ರಾಂಕ್ ಬೇನ್ಸ್ ಎಂಬ ವಾಸ್ತುಶಿಲ್ಪಿಯ ಮೇಲ್ವಿಚಾರಣೆಯಲ್ಲಿ ಕೆಳಗಿನಿಂದ ಕಾಣದಂತೆ ಉಕ್ಕಿನ ಆಧಾರಗಳನ್ನು ಸೇರಿಸಲಾಯಿತು. ಮರದ ಅರಮನೆಗಳಿಗೆ ಹುಳುವಿನಷ್ಟೇ ಬೆಂಕಿಯೂ ಶತ್ರುವೆಂಬುದನ್ನು 1897ರಲ್ಲಿ ಮೈಸೂರಿನ ಹಳೆಯ ಅರಮನೆಯನ್ನು ಕಳೆದುಕೊಂಡ ನಮಗೆ ಬಿಡಿಸಿ ಹೇಳಬೇಕಿಲ್ಲ. 1834ರ ಅಕ್ಟೋಬರಿನಲ್ಲಿ ಸುತ್ತಲಿನ ಸಂಸತ್ ಕಟ್ಟಡಗಳು ಸುಟ್ಟಾಗಲೂ, 1941ರ ಮೇ ತಿಂಗಳಲ್ಲಿ ಜರ್ಮನರ ಬಾಂಬಿಗೆ ಕೆಳಮನೆ ಉರಿದಾಗಲೂ ಈ ಚಾವಣಿ ಉಳಿದದ್ದು, ಅದನ್ನೇ ಉಳಿಸಬೇಕೆಂದು ಅಗ್ನಿಶಾಮಕರು ಹೆಣಗಿದ್ದರಿಂದ.

ಎರಡನೆಯ ತಪ್ಪು ಇದಕ್ಕಿಂತ ಮುಜುಗರದ್ದು. ಪಟ್ಟಾಭಿಷೇಕ ನಡೆಯುವುದು ಎದುರಿಗಿರುವ ವೆಸ್ಟ್‌ಮಿನ್‌ಸ್ಟರ್ ಅಬೆ ಎಂಬ ಚರ್ಚಿನಲ್ಲಿ. ಹಾಲ್‌ನಲ್ಲಿ ನಡೆಯುತ್ತಿದ್ದುದು ಅದರ ನಂತರದ ಔತಣ. ಆ ಔತಣದ ನಡುವೆ ಡೈಮೋಕ್ ಮನೆತನದವನೊಬ್ಬ ಕವಚ ತೊಟ್ಟು, ಕುದುರೆಯೇರಿ ಹಾಲ್‌ನ ಒಳಕ್ಕೇ ಬಂದು, ಹೊಸ ದೊರೆಯ ಹಕ್ಕನ್ನು ಒಪ್ಪದವರು ಯಾರಿದ್ದರೂ ತನ್ನೊಡನೆ ಕಾದಾಡಲಿ ಎಂದು ಕೈಗವಸನ್ನು ನೆಲಕ್ಕೆ ಎಸೆಯುವ ವಾಡಿಕೆಯಿತ್ತು. ಇಂಥ ಕೊನೆಯ ಔತಣ ನಡೆದದ್ದು 1821ರಲ್ಲಿ, ನಾಲ್ಕನೇ ಜಾರ್ಜ್‌ನ ಪಟ್ಟಾಭಿಷೇಕದಂದು. ಆ ಸಲದ ಕುದುರೆಯನ್ನು ಗದ್ದಲಕ್ಕೆ ಬೆದರದಿರಲೆಂದು ಸರ್ಕಸ್ಸಿನಿಂದ ತರಿಸಿದ್ದರಂತೆ. ಮುಂದಿನ ದೊರೆ ನಾಲ್ಕನೇ ವಿಲಿಯಂ ದುಂದುವೆಚ್ಚವೆಂದು ಔತಣವನ್ನೇ ಕೈಬಿಟ್ಟ. ಈ ಹಾಲ್‌ನಲ್ಲಿ ಸಾರ್ವಜನಿಕ ದರ್ಶನದ ಪದ್ಧತಿಯಂತೂ ಇನ್ನೂ ಈಚಿನದು: 1898ರಲ್ಲಿ ಮಾಜಿ ಪ್ರಧಾನಿ ಗ್ಲ್ಯಾಡ್‌ಸ್ಟನ್‌ಗೆ, ದೊರೆಗಳ ಪೈಕಿ 1910ರಲ್ಲಿ ಏಳನೇ ಎಡ್ವರ್ಡ್‌ಗೆ ಮೊದಲು ಸಂದಿತು. ನಾವು ‘ಶತಮಾನಗಳ ಸಂಪ್ರದಾಯ’ ಎಂದು ಬರೆದು ಮುಗಿಸುವ ಎಷ್ಟೋ ಸಂಗತಿಗಳ ವಯಸ್ಸು ಇಷ್ಟೇ.

ಮೂರನೆಯದು ‘ಸಭಾಂಗಣ’ ಎಂಬ ಪದ. ಇದನ್ನು ತಪ್ಪೆಂದು ಸಹೋದ್ಯೋಗಿಗಳು ಒಪ್ಪುವುದಿಲ್ಲ, ಆದರೆ ನನಗೆ ಅದು ಈಗಲೂ ಚುಚ್ಚುತ್ತದೆ. ಸಭಾಂಗಣ ಎಂದೊಡನೆ ನಮ್ಮ ಓದುಗರಿಗೆ ಸಾಲು ಕುರ್ಚಿಗಳೂ ವೇದಿಕೆಯೂ ಕಾಣುತ್ತವೆ. ಆಸ್ಥಾನ ಎಂದರೆ ಸಿಂಹಾಸನ ಕಾಣುತ್ತದೆ. ಈ ಹಾಲ್‌ನಲ್ಲಿ ಔತಣದ ದಿನ ದೊರೆ ಕೂರುತ್ತಿದ್ದ, ಉಳಿದ ದಿನಗಳಲ್ಲಿ ನ್ಯಾಯಾಲಯಗಳು ಕೂರುತ್ತಿದ್ದವು, ಗೋಡೆಯುದ್ದಕ್ಕೂ ಪುಸ್ತಕದಂಗಡಿಗಳಿದ್ದವು. ದೊಡ್ಡ ಸಮಾರಂಭ ಬಂದಾಗ ನ್ಯಾಯಾಲಯದ ಮರದ ಕಟಕಟೆಗಳನ್ನು ಕಿತ್ತಿಟ್ಟು ಜಾಗ ಮಾಡುತ್ತಿದ್ದರು. ನ್ಯಾಯಾಲಯಗಳು ಸ್ಟ್ರ್ಯಾಂಡ್ ಬೀದಿಯ ಹೊಸ ಕಟ್ಟಡಕ್ಕೆ ಹೋದದ್ದು 1882ರಲ್ಲಿ. ಚಾವಣಿ ಏರಿಸಿದ ರಿಚರ್ಡ್‌ನ ಪದತ್ಯಾಗ ಪತ್ರವನ್ನು 1399ರಲ್ಲಿ ಓದಿದ್ದು ಅದೇ ಚಾವಣಿಯ ಕೆಳಗೆ, ಕೆಲಸ ಪೂರ್ತಿ ಮುಗಿಯುವ ಮೊದಲೇ. 1649ರಲ್ಲಿ ಒಂದನೇ ಚಾರ್ಲ್ಸ್‌ಗೆ ಮರಣದಂಡನೆ ವಿಧಿಸಿದ್ದೂ ಇಲ್ಲಿಯೇ. ಹೈದರಾಲಿಯೊಡನೆ ಎರಡನೇ ಮೈಸೂರು ಯುದ್ಧ ನಡೆದಾಗ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್‌ನ ಮೇಲೆ, ಭಾರತದಲ್ಲಿ ನಡೆಸಿದ ಅಕ್ರಮಗಳಿಗಾಗಿ ಎಡ್ಮಂಡ್ ಬರ್ಕ್ ಮುಂದಾಳತ್ವದಲ್ಲಿ 1788ರಿಂದ ಏಳು ವರ್ಷ ವಿಚಾರಣೆ ನಡೆದು, 1795ರಲ್ಲಿ ಅವನು ಖುಲಾಸೆಯಾದದ್ದೂ ಇಲ್ಲಿಯೇ. ಕನ್ನಡದ ಓದುಗರಿಗೆ ಹೇಳಬಹುದಾಗಿದ್ದ ಈ ಒಂದು ನಂಟನ್ನು ಬಿಟ್ಟು, ನಾನು ಚಾವಣಿಗೆ ತಪ್ಪು ಇಸವಿ ಹಚ್ಚುತ್ತಿದ್ದೆ.

ಎರಡು ಸಾಲಿನ ತಿದ್ದುಪಡಿ ಮರುದಿನ ಒಳಪುಟದ ಮೂಲೆಯಲ್ಲಿ ಬಂತು. ಅಂದಿನಿಂದ ಹಳೆಯ ಕಟ್ಟಡದ ಬಗ್ಗೆ ಬಾಕ್ಸ್ ಬರೆಯುವಾಗ ಒಂದು ಕ್ರಮ ಇಟ್ಟುಕೊಂಡಿದ್ದೇನೆ: ಇಸವಿ ಬರೆದ ಕೂಡಲೇ ಅದು ಗೋಡೆಯದೋ, ಚಾವಣಿಯದೋ, ಅಲ್ಲಿ ನಡೆಯುವ ವಿಧಿಯದೋ ಎಂದು ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತೇನೆ, ಗುರುತು ಹಾಕಲಾಗದ ಇಸವಿಯನ್ನು ತೆಗೆದುಬಿಡುತ್ತೇನೆ. ಇದಕ್ಕೆ ಹತ್ತು ನಿಮಿಷ ಹೆಚ್ಚು ಬೇಕಾಗುತ್ತದೆ. ರಾತ್ರಿ ಹತ್ತರ ನಂತರ ಆ ಹತ್ತು ನಿಮಿಷಕ್ಕಾಗಿ ಜಗಳವೂ ಆಗಿದೆ.

2023ರ ಮೇ 6ರಂದು ಮೂರನೇ ಚಾರ್ಲ್ಸ್‌ನ ಪಟ್ಟಾಭಿಷೇಕವಿತ್ತು. ನಮ್ಮ ವಿಧಾನಸಭೆಯ ಮತದಾನಕ್ಕೆ ನಾಲ್ಕೇ ದಿನ ಬಾಕಿ. ವಿದೇಶ ಪುಟದ ಬಹುಪಾಲನ್ನು ಚುನಾವಣೆ ನುಂಗಿತ್ತು. ಹೊಸದಾಗಿ ಸೇರಿದ್ದ ಹುಡುಗ ಬಾಕ್ಸ್ ಬರೆದು ತಂದ: “ಪಟ್ಟಾಭಿಷೇಕದ ನಂತರ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಔತಣ ನಡೆಯುವುದು ಪದ್ಧತಿ.” ಯಾವ ಇಸವಿಯವರೆಗೆ ಎಂದು ಕೇಳಿದೆ. ಅವನು ಹೋಗಿ ಹುಡುಕಿ, ಸರ್ಕಸ್ ಕುದುರೆಯನ್ನೂ ಹಿಡಿದುಕೊಂಡು ಸಂತೋಷದಿಂದ ಮರಳಿದ. ಜಾಗ ಸಾಲಲಿಲ್ಲ, ಕುದುರೆಯನ್ನು ಬಿಡಬೇಕಾಯಿತು. 1821 ಮಾತ್ರ ಅಚ್ಚಾಯಿತು.