ಉತ್ತರ ಬಾರದ ರಾತ್ರಿಯ ಲೆಕ್ಕ

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಬೇಸಿಗೆಯ ರಾತ್ರಿ ಕಾಡಿನ ರಸ್ತೆಯಲ್ಲಿ ನಿಂತು ತೋಳದ ಹಾಗೆ ಊಳಿಡುವುದು ನನ್ನ ಕೆಲಸವಾಗಿತ್ತು. ಅದಕ್ಕೆ ಸಂಬಳವೂ ಇತ್ತು. ಊರಲ್ಲಿ ಅಮ್ಮನಿಗೆ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಸಾಕುಬೇಕಾಯಿತು. "ಅಷ್ಟೊಂದು ಓದಿಸಿದ್ದು ಇದಕ್ಕೇನೋ?" ಅಂದರು. ಚಳಿ ಶುರುವಾದ ಮೇಲೆ ಬೇಟೆಗಾರರು ಹೊಡೆದು ತಂದ ಎಲ್ಕ್‌ಗಳ ಬಾಯಿ ತೆರೆದು ಹಲ್ಲು ನೋಡುವ ಕೆಲಸವೂ ಇದೆ ಅಂದಾಗ ಇನ್ನೇನೂ ಕೇಳಲಿಲ್ಲ.

ಜಾಗ ಬಿಟರ್‌ರೂಟ್ ಕಣಿವೆ. ಮಿಸೌಲಾ ಪಟ್ಟಣದಿಂದ ದಕ್ಷಿಣಕ್ಕೆ ಹೋದರೆ ಪಶ್ಚಿಮಕ್ಕೆ ಬಿಟರ್‌ರೂಟ್ ಪರ್ವತಗಳು, ಪೂರ್ವಕ್ಕೆ ಸಫೈರ್ ಬೆಟ್ಟಗಳು, ನಡುವೆ ದನ ಸಾಕುವ ರ‍್ಯಾಂಚುಗಳು. ಪಶ್ಚಿಮದ ಏಣು ದಾಟಿದರೆ ಐಡಹೋ. 1995 ಮತ್ತು 1996ರಲ್ಲಿ ಕೆನಡಾದಿಂದ ತಂದ 35 ತೋಳಗಳನ್ನು ಮಧ್ಯ ಐಡಹೋದಲ್ಲೂ 31ನ್ನು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲೂ ಬಿಟ್ಟಿದ್ದರು. ಮೊಂಟಾನಾದ ವಾಯವ್ಯ ಮೂಲೆಗೆ ಅದಕ್ಕೂ ಮೊದಲೇ ಕೆನಡಾದಿಂದ ತಾವಾಗಿಯೇ ನಡೆದು ಬಂದಿದ್ದವು. ಎಲ್ಕ್ ಅಂದರೆ ನಮ್ಮ ಕಡವೆಯ ದಾಯಾದಿ. ಬಲಿತ ಗಂಡು 300 ಕಿಲೋ ದಾಟುತ್ತದೆ. ಈ ಕಣಿವೆಯ ಜನಕ್ಕೆ ಎಲ್ಕ್ ಬೇಟೆಯೆಂದರೆ ಚಳಿಗಾಲದ ಮಾಂಸ, ಅಪ್ಪ-ಮಕ್ಕಳು ಒಟ್ಟಿಗೆ ಬೆಟ್ಟ ಹತ್ತುವ ನೆಪ, ವರ್ಷಪೂರ್ತಿ ಹರಟೆಗೆ ವಸ್ತು. ಬೇಟೆ ನಿಷೇಧಿಸಿದ ನಮ್ಮ 1972ರ ವನ್ಯಜೀವಿ ಕಾಯ್ದೆಯ ಕೆಳಗೆ ಬೆಳೆದ ನನಗೆ ಇದು ಜೀರ್ಣವಾಗಲು ಸಮಯ ಹಿಡಿಯಿತು. ನನ್ನ ಸಂಬಳದಲ್ಲಿ ಈ ಬೇಟೆಗಾರರದೇ ದೊಡ್ಡ ಪಾಲು ಎಂದು ಗೊತ್ತಾದ ಮೇಲೆ ಬೇಗ ಜೀರ್ಣವಾಯಿತು ಅನ್ನಿ. ಅಲ್ಲಿನ ರಾಜ್ಯಗಳ ವನ್ಯಜೀವಿ ಇಲಾಖೆಗಳು ನಡೆಯುವುದು ಹೆಚ್ಚಾಗಿ ಬೇಟೆ-ಮೀನುಗಾರಿಕೆಯ ಲೈಸೆನ್ಸ್ ಹಣದಿಂದ, ಜೊತೆಗೆ 1937ರ ಕಾನೂನು ವನ್ಯಜೀವಿಗೆಂದು ಮೀಸಲಿಟ್ಟ, ಬಂದೂಕು, ತೋಟಾಗಳ ಮೇಲಿನ ತೆರಿಗೆಯಿಂದ.

ಊಳಿಡುವುದು ಯಾಕೆ? ತೋಳಗಳು ಏಪ್ರಿಲ್ ನಡುವಿನ ಹೊತ್ತಿಗೆ ಮರಿ ಹಾಕುತ್ತವೆ. ಜೂನ್ ಕಳೆದ ಮೇಲೆ ಮರಿಗಳನ್ನು ಗವಿಯಿಂದ ಹೊರಗೆ ತಂದು, ಸಾಮಾನ್ಯವಾಗಿ ನೀರಿನ ಪಸೆಯಿರುವ ಹುಲ್ಲುಬಯಲಿನ ಅಂಚಿನಲ್ಲಿ ಬಿಟ್ಟು, ದೊಡ್ಡವು ಬೇಟೆಗೆ ಹೋಗುತ್ತವೆ. ಆ ದಿನಗಳಲ್ಲಿ ನಾವು ಕೂಗಿದರೆ ಗುಂಪು ಮರುಕೂಗು ಕೊಡುವ ಸಾಧ್ಯತೆ ಇರುತ್ತದೆ. ಮರಿಗಳ ಕೀಚಲು ದನಿ ಕೇಳಿದರೆ ಈ ವರ್ಷ ಮರಿ ಆಗಿದೆ ಅನ್ನುವುದಕ್ಕೆ ಅದೇ ಪುರಾವೆ. ಎರಡು ಕಡೆಯಿಂದ ದಿಕ್ಸೂಚಿ ಹಿಡಿದು ದಿಕ್ಕು ಗುರುತಿಸಿಕೊಂಡರೆ ಗೆರೆಗಳು ಕೂಡುವ ಕಡೆ ಬೆಳಗ್ಗೆ ಹೋಗಿ ಮಲ, ಕೂದಲು, ಹೆಜ್ಜೆ ಹುಡುಕಬಹುದು.

ಕೇಳುವುದಕ್ಕೆ ಸುಲಭ. ಜುಲೈನಲ್ಲಿ ಅಲ್ಲಿ ಸರಿಯಾಗಿ ಕತ್ತಲಾಗುವುದೇ ರಾತ್ರಿ ಹತ್ತರ ಮೇಲೆ. ಟ್ರಕ್ ನಿಲ್ಲಿಸಿ ಎಂಜಿನ್ ಆರಿಸಿದರೂ ಲೋಹ ತಣಿಯುತ್ತಾ ಟಿಕ್ ಟಿಕ್ ಅನ್ನುತ್ತಲೇ ಇರುತ್ತದೆ. ಅದರಿಂದ ದೂರ ನಡೆದು ಹೋಗಬೇಕು. ಮೈಮೇಲಿನ ಜಾಕೆಟ್ ಸರಸರ ಅನ್ನುವ ಬಟ್ಟೆಯದಾದರೆ ಅದನ್ನು ಕಳಚಿ ಚಳಿಯಲ್ಲೇ ನಿಲ್ಲಬೇಕು. ಮೊದಲ ಕೂಗು ಮೆಲ್ಲಗೆ, ಯಾಕೆಂದರೆ ತೋಳ ಪಕ್ಕದ ತೋಪಿನಲ್ಲೇ ಇರಬಹುದು. ಆಮೇಲೆ ಸುಮ್ಮನಿರಬೇಕು. ಮತ್ತೆ ಸ್ವಲ್ಪ ಜೋರಾಗಿ, ಮತ್ತೆ ಸುಮ್ಮನೆ. ಕೈಯೋಟಿ ಎಂಬ ನರಿಯಂಥ ಪ್ರಾಣಿ ಯಾರು ಕೂಗಿದರೂ ನಡುವೆ ಬಾಯಿ ಹಾಕುತ್ತದೆ. ಅದರ ಕಿಚಿಪಿಚಿಯನ್ನೂ ತೋಳಮರಿಗಳ ದನಿಯನ್ನೂ ಬೇರ್ಪಡಿಸಲು ಕಿವಿ ಪಳಗಬೇಕು. ಎರಡು-ಮೂರು ತೋಳಗಳು ಸ್ವರ ಬದಲಿಸುತ್ತಾ ಕೂಗಿದರೆ ಹತ್ತು ಇವೆಯೇನೋ ಅನ್ನಿಸುತ್ತದೆ. ಆದ್ದರಿಂದ ಕಿವಿಯಿಂದ ತಲೆ ಎಣಿಸಬೇಡ ಎನ್ನುವುದು ಮೊದಲ ದಿನದ ಪಾಠ.

ಎರಡನೆಯ ಪಾಠ ನಮೂನೆಯದು. ನಮ್ಮ ತಂಡದ ಮುಖ್ಯಸ್ಥೆ ಈ ಕೆಲಸದಲ್ಲೇ ತಲೆ ನರೆಸಿಕೊಂಡ ಹೆಂಗಸು, ಮಾತು ಕಡಿಮೆ. ಅವರ ನಮೂನೆಯಲ್ಲಿ ಉತ್ತರ ಬಂದರೆ ತುಂಬುವ ಅಂಕಣಗಳು ಕೆಲವೇ. ಉತ್ತರ ಬಾರದಿದ್ದರೆ ತುಂಬುವುದು ಪುಟದ ತುಂಬ: ಗಾಳಿ ಯಾವ ಕಡೆಯಿಂದ, ಎಷ್ಟು ಬಿರುಸು, ಹೊಳೆಯ ಸದ್ದು ಎಷ್ಟು ಹತ್ತಿರ, ಎಷ್ಟು ಸಲ ಕೂಗಿದೆ, ಎಷ್ಟು ಹೊತ್ತು ಕಾದೆ, ಅಷ್ಟರಲ್ಲಿ ಬೇರೆ ವಾಹನ ಬಂತೇ. ತೋಳ ಸಿಗದ ರಾತ್ರಿಗೆ ಇಷ್ಟು ಬರೆಯಬೇಕೇ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು: "ಕೂಗೋದು ಯಾರು ಬೇಕಾದರೂ ಕೂಗ್ತಾರೆ. ಆಮೇಲೆ ಬಾಯಿ ಮುಚ್ಚಿಕೊಂಡು ನಿಂತೆಯಲ್ಲ, ನಿನಗೆ ಸಂಬಳ ಕೊಡೋದು ಅದಕ್ಕೆ."

ಇದರ ಹಿಂದೆ ಗಟ್ಟಿ ವಿಜ್ಞಾನವಿದೆ. 1970ರ ದಶಕದಲ್ಲಿ ಮಿನ್ನೆಸೋಟಾದ ಸುಪೀರಿಯರ್ ರಾಷ್ಟ್ರೀಯ ಅರಣ್ಯದಲ್ಲಿ ಫ್ರೆಡ್ ಹ್ಯಾರಿಂಗ್ಟನ್ ಮತ್ತು ಡೇವಿಡ್ ಮೆಕ್ ರೇಡಿಯೋ ಕಾಲರ್ ಹಾಕಿದ ತೋಳಗಳಿಗೆ ಊಳಿಟ್ಟು ನೋಡಿದರು. ಕಾಲರ್ ಇದ್ದದ್ದರಿಂದ ತೋಳ ಅಲ್ಲೇ ಇದೆ ಎಂದು ಅವರಿಗೆ ಗೊತ್ತಿತ್ತು. ಹಾಗಾಗಿ ಮೌನವನ್ನೂ ಎಣಿಸಲು ಸಾಧ್ಯವಾಯಿತು. ಹಸಿ ಬೇಟೆಯ ಬಳಿ ಇರುವ ಗುಂಪು, ದೊಡ್ಡ ಗುಂಪು ಹೆಚ್ಚು ಉತ್ತರಿಸುತ್ತದೆ. ಒಂಟಿ ತೋಳ ಬಹುಮಟ್ಟಿಗೆ ಬಾಯಿ ಬಿಡುವುದೇ ಇಲ್ಲ. ಬೇರೆ ಗುಂಪಿನ ಸರಹದ್ದಿನಲ್ಲಿ ದನಿ ತೆಗೆದರೆ ಅದಕ್ಕೆ ಸಾವೇ ಬರಬಹುದು. ಆದ್ದರಿಂದ ನನ್ನ ಪುಸ್ತಕದಲ್ಲಿ "ಉತ್ತರ ಇಲ್ಲ" ಎಂದು ಬರೆಯಬಹುದಿತ್ತೇ ಹೊರತು "ತೋಳ ಇಲ್ಲ" ಎಂದು ಬರೆಯಲು ಅವಕಾಶವೇ ಇರಲಿಲ್ಲ. ಅಂಥ ಅಂಕಣವನ್ನೇ ಅವರು ಇಟ್ಟಿರಲಿಲ್ಲ.

ನಾನೀಗ ಕಾಡು ಬಿಟ್ಟು ಕಚೇರಿಯಲ್ಲಿ ಅಂಕಿಅಂಶ ನೋಡುವ ಕೆಲಸದಲ್ಲಿದ್ದೇನೆ. ಪಟ್ಟಿಯಲ್ಲಿ ಖಾಲಿ ಕೋಶ ಕಂಡರೆ, ಸೊನ್ನೆ ಕಂಡರೆ, ಯಾರೂ ಹೋಗಿ ನೋಡಲಿಲ್ಲವೋ, ನೋಡಿಯೂ ಸಿಗಲಿಲ್ಲವೋ ಎಂದು ಕೇಳುತ್ತೇನೆ. ಸಹೋದ್ಯೋಗಿಗಳಿಗೆ ಇದು ರೇಜಿಗೆ. ಇರಲಿ.

ಸೆಪ್ಟೆಂಬರ್ ಬಂದರೆ ಕಾಡಿನ ಸದ್ದೇ ಬೇರೆ. ಎಲ್ಕ್‌ಗಳ ಬೆದೆಗಾಲ ಅದು. ಗಂಡು ಕೂಗುವುದನ್ನು ಅಲ್ಲಿ ಬ್ಯೂಗಲ್ ಅನ್ನುತ್ತಾರೆ. ಅಷ್ಟು ದೊಡ್ಡ ಮೈಯಿಂದ ಸಿಳ್ಳೆಯಂಥ ಸಣ್ಣ ದನಿ ಏರಿ ಏರಿ ಹೋಗಿ ಕೊನೆಗೆ ಗೊರಗೊರ ಗುಟುರಿನಲ್ಲಿ ಮುಗಿಯುತ್ತದೆ. ಬಿಲ್ಲು ಹಿಡಿದ ಬೇಟೆಗಾರರು ಆ ವಾರಗಳಲ್ಲಿ ಲಾಳದ ಆಕಾರದ ರಬ್ಬರ್ ಪದರವನ್ನು ಅಂಗುಳಿಗೆ ಒತ್ತಿ, ಹೆಣ್ಣಿನ ಮೆಲುದನಿ ತೆಗೆದು ಗಂಡನ್ನು ಕರೆಯುತ್ತಾರೆ. ಉದ್ದ ಕೊಳವೆಯಲ್ಲಿ ಊದಿ ಎದುರಾಳಿ ಗಂಡಿನಂತೆ ಸವಾಲು ಹಾಕುತ್ತಾರೆ. ಕೆಲವರ ಕೂಗು ಎಷ್ಟು ಚೆನ್ನಾಗಿರುತ್ತದೆಂದರೆ ಒಬ್ಬ ಬೇಟೆಗಾರ ಇನ್ನೊಬ್ಬನನ್ನೇ ಎಲ್ಕ್ ಅಂದುಕೊಂಡು ಬೆಟ್ಟವಿಡೀ ಹಿಂಬಾಲಿಸುತ್ತಾನೆ. ಆದರೆ ಕೂಗಿಗಿಂತ ಗಾಳಿ ಮುಖ್ಯ. ಬೆಳಗಿನ ಜಾವ ತಣ್ಣನೆಯ ಗಾಳಿ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ, ಬಿಸಿಲೇರಿದಂತೆ ಮೇಲಕ್ಕೆ ತಿರುಗುತ್ತದೆ. ಆ ತಿರುವಿನ ಹೊತ್ತಿನಲ್ಲಿ ಮೇಲ್ಗಡೆ ಇರುವ ಎಲ್ಕ್‌ಗೆ ನಿಮ್ಮ ಬೆವರಿನ ವಾಸನೆ ಹೊಡೆದರೆ ಮುಗಿಯಿತು. ಸದ್ದಿಲ್ಲದೆ ಜಾಗ ಖಾಲಿ ಮಾಡಿರುತ್ತದೆ, ನೀವು ಮಾತ್ರ ಊದುತ್ತಲೇ ಇರುತ್ತೀರಿ.

ಬಂದೂಕಿನ ಬೇಟೆ ಶುರುವಾಗುವುದು ಅಕ್ಟೋಬರ್ ಕೊನೆಗೆ. ಅಷ್ಟರಲ್ಲಿ ಬೆದೆ ಮುಗಿದು ಗಂಡುಗಳು ಸೊರಗಿ, ದಟ್ಟ ಕಾಡು ಸೇರಿ ಮೌನವಾಗಿರುತ್ತವೆ. ಜನರ ಓಡಾಟ ಹೆಚ್ಚಾದ ಕೂಡಲೇ ಎಷ್ಟೋ ಹಿಂಡುಗಳು ಬೇಟೆಗೆ ಬಿಡದ ಖಾಸಗಿ ರ‍್ಯಾಂಚುಗಳಿಗೆ ಇಳಿಯುತ್ತವೆ. ನಾನು ಡಾರ್ಬಿ ಊರಿನ ಬಳಿಯ ತಪಾಸಣಾ ಠಾಣೆಯಲ್ಲಿ ಕಿತ್ತಳೆ ಅಂಗಿ ತೊಟ್ಟು ನಿಲ್ಲುತ್ತಿದ್ದದ್ದು ಆಗಲೇ. ಬೇಟೆಗಾರನಿಗೆ ಎಲ್ಕ್ ಸಿಕ್ಕಿದ್ದರೆ ಹಲ್ಲು ನೋಡಿ ವಯಸ್ಸು ಅಂದಾಜು ಮಾಡಬೇಕು, ರೋಗ ಪರೀಕ್ಷೆಗೆ ಗಂಟಲಿನ ಗ್ರಂಥಿ ಕೊಯ್ದು ತೆಗೆಯಬೇಕು. ಆದರೆ ಮೊಂಟಾನಾದ ನಿಯಮದಲ್ಲಿ ನನಗೆ ತುಂಬಾ ಹಿಡಿಸಿದ್ದು ಇನ್ನೊಂದು: ಏನೂ ಸಿಗದೆ ಬರಿಗೈಯಲ್ಲಿ ಹೋಗುವವನೂ ಠಾಣೆಯಲ್ಲಿ ಗಾಡಿ ನಿಲ್ಲಿಸಲೇಬೇಕು. ಹತ್ತು ಗಾಡಿಯಲ್ಲಿ ಒಂದು ಎಲ್ಕ್ ಬಂತೋ, ನೂರರಲ್ಲಿ ಒಂದೋ ಎಂದು ತಿಳಿಯುವುದು ಬರಿಗೈಯವರಿಂದಲೇ. ಅವರಿಗೆ ನಿಲ್ಲಲು ಇಷ್ಟವಿಲ್ಲ, ಮುಖ ಗಂಟು. ಅವರಿಗೆ ಕಾಫಿ ಕೊಟ್ಟು ಮಾತಾಡಿಸುವುದೇ ಆ ಕೆಲಸದ ಅಸಲಿ ಕೌಶಲ.

ಮಾತು ಯಾವಾಗಲೂ ಒಂದೇ ಕಡೆ ಬಂದು ನಿಲ್ಲುತ್ತಿತ್ತು. "ಎಲ್ಕ್ ಎಲ್ಲಿವೆ ಸ್ವಾಮಿ, ಎಲ್ಲಾ ತೋಳದ ಹೊಟ್ಟೆಗೆ ಹೋದವು." ತೋಳ ಎಲ್ಕ್ ತಿನ್ನುವುದು ನಿಜ, ಅದರಲ್ಲಿ ವಾದವೇ ಇಲ್ಲ. ಆದರೆ ಇದೇ ಕಣಿವೆಯಲ್ಲಿ, ಇದೇ ದೂರಿನಿಂದಾಗಿ, 2011ರಲ್ಲಿ ಒಂದು ಅಧ್ಯಯನ ಶುರುವಾಗಿತ್ತು. ರಾಜ್ಯದ ಇಲಾಖೆ ಮತ್ತು ಮೊಂಟಾನಾ ವಿಶ್ವವಿದ್ಯಾಲಯ ಸೇರಿ ಎಳೆ ಎಲ್ಕ್ ಮರಿಗಳಿಗೆ ರೇಡಿಯೋ ಟ್ಯಾಗ್ ಹಾಕಿ, ಯಾವುದು ಯಾವುದರಿಂದ ಸತ್ತಿತೆಂದು ಬೆನ್ನು ಹತ್ತಿ ನೋಡಿದರು. ಮರಿಗಳನ್ನು ಹೆಚ್ಚು ಕೊಂದದ್ದು ತೋಳವಲ್ಲ, ಮೌಂಟನ್ ಲಯನ್ ಎಂದು ಕರೆಯುವ ಪೂಮಾ.

ನನಗೆ ಇದರಲ್ಲಿ ಕುತೂಹಲ ಹುಟ್ಟಿಸಿದ್ದು ಜನ ಪೂಮಾದ ಹೆಸರನ್ನು ಯಾಕೆ ಎತ್ತುತ್ತಿರಲಿಲ್ಲ ಅನ್ನುವುದು. ತೋಳ ಊಳಿಡುತ್ತದೆ, ಗುಂಪಾಗಿ ರಸ್ತೆಯ ಮೇಲೆಯೇ ನಡೆದು ಹಿಮದಲ್ಲಿ ಸಾಲು ಹೆಜ್ಜೆ ಬಿಡುತ್ತದೆ, ಬೇಟೆಯನ್ನು ಬಯಲಲ್ಲಿ ಹರಿದು ಹಾಕುತ್ತದೆ. ಪೂಮಾ ಒಂಟಿ, ಕೊಂದದ್ದನ್ನು ಎಳೆದೊಯ್ದು ತರಗೆಲೆ, ಮಣ್ಣು ಮುಚ್ಚಿ ಬಚ್ಚಿಡುತ್ತದೆ. ಇಡೀ ಆಯುಷ್ಯ ಆ ಬೆಟ್ಟದಲ್ಲಿ ಬೇಟೆಯಾಡಿದವರಲ್ಲೂ ಅದನ್ನು ಕಣ್ಣಾರೆ ಕಂಡಿಲ್ಲ ಅಂದವರು ನನಗೆ ಸಿಕ್ಕಿದ್ದಾರೆ. ಸದ್ದು ಮಾಡುವವನ ಹೆಸರು ದೂರಿನ ಪುಸ್ತಕಕ್ಕೆ ಬಿತ್ತು, ಸದ್ದಿಲ್ಲದವನು ಪಾರಾಗಿದ್ದ. ಹಾಗಂತ ಠಾಣೆಯಲ್ಲಿ ದಣಿದು ಬಂದವನಿಗೆ ಈ ಅಧ್ಯಯನ ಬಿಚ್ಚಿ ಭಾಷಣ ಮಾಡಿದರೆ ಮುಂದಿನ ಸಲ ಅವನು ಬಾಯಿಯೇ ಬಿಡುವುದಿಲ್ಲ. ಯಾವ ಕಡೆ ಹೋಗಿದ್ದಿರಿ, ಹೆಜ್ಜೆ ಯಾವುದು ಕಂಡಿತು, ಹಸಿ ಹಿಕ್ಕೆ ಇತ್ತೇ ಎಂದು ಕೇಳುತ್ತಿದ್ದೆ. ಅರ್ಧ ಕಾಫಿ ಮುಗಿಯುವಷ್ಟರಲ್ಲಿ ಎಲ್ಕ್ ಇರುವ ಸುಳಿವುಗಳನ್ನು ಅವರೇ ಸಾಲಾಗಿ ಹೇಳುತ್ತಿದ್ದರು.

ಆ ಸುಳಿವುಗಳಿಗೆ ಬೆಲೆಯೂ ಇದೆ. ಮೊಂಟಾನಾ ತನ್ನ ತೋಳಗಳ ಸಂಖ್ಯೆ ಅಂದಾಜು ಮಾಡುವುದು ಬಹುಪಾಲು ಬೇಟೆಗಾರರ ಕಣ್ಣಿನಿಂದಲೇ. ಜಿಂಕೆ-ಎಲ್ಕ್ ಬೇಟೆಯ ಕಾಲ ಮುಗಿದ ಮೇಲೆ ಸಾವಿರಾರು ಜನರಿಗೆ ಫೋನ್ ಮಾಡಿ, ತೋಳದ ಗುಂಪು ಕಂಡಿರಾ, ಎಲ್ಲಿ, ಎಷ್ಟು ಎಂದು ಕೇಳುತ್ತಾರೆ. ಇದ್ದೂ ಕಾಣದಿರುವ ಸಂಭವ ಎಷ್ಟು, ಇಲ್ಲದ್ದನ್ನು ಕಂಡೆ ಎನ್ನುವ ಸಂಭವ ಎಷ್ಟು ಎಂಬುದನ್ನೆಲ್ಲ ಲೆಕ್ಕಕ್ಕೆ ಸೇರಿಸುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಹೀಗೆ ಬಂದ ಅಂದಾಜು ಸುಮಾರು 1,100 ತೋಳಗಳು. ಈ ಲೆಕ್ಕ ಹಿಗ್ಗಿದ್ದು ಎಂದು ತಕರಾರು ತೆಗೆದ ವಿಜ್ಞಾನಿಗಳೂ ಇದ್ದಾರೆ. ಆ ಜಗಳ ನಡೆಯುವುದೂ ಬಹುಪಾಲು, ಕಾಣದ್ದನ್ನು ಹೇಗೆ ಎಣಿಸಬೇಕು ಅನ್ನುವುದರ ಮೇಲೆಯೇ.

ಒಂದು ಪ್ರಶ್ನೆಗೆ ಮಾತ್ರ ನಾವು ಯಾರಿಗೂ ಉತ್ತರಿಸುತ್ತಿರಲಿಲ್ಲ: ಬೇಸಿಗೆಯಲ್ಲಿ ತೋಳ ಎಲ್ಲಿ ಮರುಕೂಗು ಕೊಟ್ಟಿತು? 2011ರಲ್ಲಿ ಅಮೆರಿಕದ ಸಂಸತ್ತು ಮೊಂಟಾನಾ, ಐಡಹೋದ ತೋಳಗಳಿಗೆ ಇದ್ದ ಕೇಂದ್ರದ ರಕ್ಷಣೆಯನ್ನು ತೆಗೆದ ಮೇಲೆ ಅಲ್ಲಿ ಲೈಸೆನ್ಸ್ ಪಡೆದು ತೋಳ ಹೊಡೆಯಬಹುದು. ನಾನು ಕೂಗುವಂತೆಯೇ ಕೂಗಿ, ತೋಳವನ್ನು ಹತ್ತಿರ ಕರೆದು ಗುಂಡು ಹಾರಿಸುವವರಿದ್ದಾರೆ. ಅದು ಕಾನೂನಿನೊಳಗಿನ ಮಾತು, ನನಗೆ ಇಷ್ಟವೋ ಇಲ್ಲವೋ ಬೇರೆ ವಿಷಯ. ತೋಳ ಬೇಡ ಎನ್ನುವ ರ‍್ಯಾಂಚಿನವನಿಗೂ ಹೇಳುತ್ತಿರಲಿಲ್ಲ, ಫೋಟೋ ತೆಗೆಯಲು ಬಂದ ತೋಳಪ್ರೇಮಿಗೂ ಹೇಳುತ್ತಿರಲಿಲ್ಲ. ಇಬ್ಬರಿಗೂ ಒಂದೇ ರೀತಿ ಇಲ್ಲ ಅಂದದ್ದರಿಂದ ಇಬ್ಬರೂ ಸಮನಾಗಿ ಬೈಯುತ್ತಿದ್ದರು. ಹೀಗೆ ಕೂಗಿ ಹೊಡೆಯುವ ಕಡೆಗಳಲ್ಲಿ ತೋಳಗಳು ಕ್ರಮೇಣ ಮರುಕೂಗು ಕೊಡುವುದನ್ನೇ ಬಿಡುತ್ತವೆ ಎಂಬುದು ನಮ್ಮ ತಂಡದ ಅನುಮಾನವಾಗಿತ್ತು. ಹಾಗಾದರೆ ಅಲ್ಲಿನ ಮೌನವನ್ನು ಇನ್ನಷ್ಟು ಜಾಗ್ರತೆಯಿಂದ ಓದಬೇಕಾಗುತ್ತದೆ.

ಇದನ್ನು ಓದಿ ಯೆಲ್ಲೋಸ್ಟೋನ್‌ಗೆ ಹೊರಡುವ ನಮ್ಮವರಿಗೆ ಒಂದು ಮಾತು. ಆ ಉದ್ಯಾನದೊಳಗೆ ತೋಳಕ್ಕೆ ಊಳಿಡುವುದು, ಎಲ್ಕ್‌ಗೆ ಬ್ಯೂಗಲ್ ಊದುವುದು ಎರಡೂ ಕಾನೂನುಬಾಹಿರ. ನಾವು ಕೂಗುತ್ತಿದ್ದದ್ದು ಅದರ ಹೊರಗೆ. ಅಲ್ಲಿ ತೋಳ ಮತ್ತು ಕರಡಿಯಿಂದ 100 ಗಜ, ಎಲ್ಕ್‌ನಿಂದ 25 ಗಜ ದೂರವಿರಬೇಕು. ಬೆಳಕು ಹರಿಯುವ ಮುಂಚೆ ಲಾಮಾರ್ ಕಣಿವೆಗೆ ಹೋಗಿ, ರಸ್ತೆ ಪಕ್ಕ ದೊಡ್ಡ ದುರ್ಬೀನು ಇಟ್ಟುಕೊಂಡು ನಿಂತವರ ಬಳಿ ಗಾಡಿ ನಿಲ್ಲಿಸಿ. ಕೇಳಿದರೆ ಖುಷಿಯಿಂದ ತೋರಿಸುತ್ತಾರೆ. ದಪ್ಪ ಸ್ವೆಟರ್ ಮರೆಯಬೇಡಿ, ಜುಲೈನಲ್ಲೂ ಅಲ್ಲಿ ಬೆಳಗಿನ ಚಳಿ ಕೊರೆಯುತ್ತದೆ.