ಕಣಿವೆಯ ಚಿತ್ರ

ರಾತ್ರಿಯೆಲ್ಲ ಒಂದು ಹಳೆಯ ಸರ್ವೆ ವರದಿ ನೋಡುತ್ತಾ ಕೂತಿದ್ದೆ. ಅಮೆರಿಕದ ಸೈನ್ಯದ ಲೆಫ್ಟಿನೆಂಟ್ ಜೋಸೆಫ್ ಐವ್ಸ್ 1857-58ರಲ್ಲಿ ಕೊಲೊರಾಡೊ ನದಿಯಲ್ಲಿ ಮೇಲಕ್ಕೆ ಹೋಗಿ ಬರೆದದ್ದು, ಅಚ್ಚಾಗಿದ್ದು 1861ರಲ್ಲಿ. ಬಿಡಿಭಾಗಗಳಾಗಿ ಹಡಗಿನಲ್ಲಿ ತಂದು ನದಿಯ ಬಾಯಲ್ಲಿ ಜೋಡಿಸಿದ ಪುಟ್ಟ ಸ್ಟೀಮರ್ ಅವರದು. ಬ್ಲ್ಯಾಕ್ ಕ್ಯಾನ್ಯನ್ ಹತ್ತಿರ ಅದು ಬಂಡೆಗೆ ಬಡಿಯಿತು. ಆಮೇಲೆ ಹೇಸರಗತ್ತೆಗಳ ಜೊತೆ ಒಣನೆಲದಲ್ಲಿ ನಡೆದು, ಅಲ್ಲಿನ ಮೂಲನಿವಾಸಿಗಳಾದ ವಾಲಪೈ ಜನ ದಾರಿ ತೋರಿಸಿದ ಮೇಲೆ ಗ್ರ್ಯಾಂಡ್ ಕ್ಯಾನ್ಯನ್ ತಳಕ್ಕೆ ಇಳಿದರು.

ಆ ವರದಿಯಲ್ಲಿ ತಂಡದ ಚಿತ್ರಕಾರ ಎಗ್ಲೋಫ್‌ಸ್ಟೈನ್ ಬರೆದ ಚಿತ್ರ ನೋಡಬೇಕು. ಕಣಿವೆ ನಿಜಕ್ಕಿಂತ ಕಿರಿದು, ಕಪ್ಪು, ಬಾವಿಯ ಹಾಗೆ. ಆದರೆ ಅದೇ ಮನುಷ್ಯ ಮಾಡಿದ ನಕ್ಷೆಯಲ್ಲಿ ಬೆಟ್ಟಗಳಿಗೆ ನೆರಳು ಎಷ್ಟು ನಾಜೂಕಾಗಿದೆ ಅಂದರೆ, ಪ್ಲಾಸ್ಟರಿನ ಮಾದರಿಯನ್ನೇ ಮೇಲಿನಿಂದ ನೋಡಿದಂತೆ, ಬೆರಳಿಟ್ಟರೆ ಏರುತಗ್ಗು ತಾಕುತ್ತದೇನೋ ಅನ್ನಿಸುತ್ತದೆ. ಒಂದೇ ಕೈ, ಅಲ್ವಾ? ಅಳತೆ ಹಿಡಿದಾಗ ಒಂದು ಥರ, ಭಯವಾದಾಗ ಇನ್ನೊಂದು ಥರ. ನನಗೆ ಆ ಭಯದ ಚಿತ್ರವೇ ಜಾಸ್ತಿ ಇಷ್ಟ.

ಐವ್ಸ್ ಮಾತ್ರ ಆ ಕಣಿವೆಯನ್ನು ಲಾಭವಿಲ್ಲದ ಜಾಗ ಅಂತ ಬರೆದುಬಿಟ್ಟ. ತಮ್ಮ ನಂತರ ಬಿಳಿಯರು ಯಾರೂ ಬರಲಾರರು ಅಂತಲೂ. ಅಲ್ಲೇ ಬದುಕುತ್ತಿದ್ದ ವಾಲಪೈ ಜನರಿಗೆ ಅದು ಮನೆ. ದಾರಿ ತೋರಿಸಿದ ಆ ಇಬ್ಬರು ಮೂವರ ಮುಖವನ್ನೇ ನಾನು ಈಗ ಚಿತ್ರಗಳಲ್ಲಿ ಮತ್ತೆ ಮತ್ತೆ ಹುಡುಕುತ್ತಿದ್ದೇನೆ.