ಬಾಯಲ್ಲುಳಿದ ಕೊನೆಯ ಗುಟುಕು: ತಾನ್ನಾ ದ್ವೀಪದ ಕಾವಾ

ಪೆಸಿಫಿಕ್ ಸಾಗರದ ವನುವಾಟು ದೇಶದ ದಕ್ಷಿಣ ತುದಿಯ ಹತ್ತಿರ ಇರುವ ತಾನ್ನಾ ದ್ವೀಪಕ್ಕೆ ಪ್ರವಾಸಿಗರು ಹೋಗುವುದು ಮುಖ್ಯವಾಗಿ ಯಾಸೂರ್ ಜ್ವಾಲಾಮುಖಿಗೆ. ಎದೆಯ ಮೇಲೆ ‘ಯುಎಸ್‌ಎ’ ಎಂದು ಬರೆದುಕೊಂಡು, ಬಿದಿರಿನ ಬಂದೂಕು ಹೆಗಲಿಗೇರಿಸಿ ಕವಾಯತು ಮಾಡುವವರ ಫೋಟೋ ಸಿಕ್ಕರೆ ಅದೊಂದು ಲಾಭ. ಇಲ್ಲಿನವರ ದೇವರು, ಮಾಟ, ಹಿರಿಯರು ಎಲ್ಲ ಒಂದೇ ಕಡೆ ಸೇರುವುದನ್ನು ನೋಡಬೇಕಿದ್ದರೆ ಹೊತ್ತು ಮುಳುಗುವಾಗ ಆಲದ ಮರದಡಿಯ ಬಯಲಿಗೆ ಹೋಗಬೇಕು. ಬಿಸ್ಲಾಮಾ ಭಾಷೆಯಲ್ಲಿ ಅದಕ್ಕೆ ನಾಕಮಾಲ್ ಎನ್ನುತ್ತಾರೆ. ಊರಿನ ಗಂಡಸರು ದಿನಾ ಸಂಜೆ ಅಲ್ಲಿ ಕಾವಾ ಕುಡಿಯುತ್ತಾರೆ.

ಕಾವಾ ಗಿಡ ನಮ್ಮ ವೀಳ್ಯದೆಲೆ, ಕರಿಮೆಣಸುಗಳ ಹತ್ತಿರದ ನಂಟ. ಮೂರೂ ಪೈಪರ್ ಕುಲದವು. ಎಲೆ ನೋಡಿದರೆ ವೀಳ್ಯದೆಲೆಯೇ ಅನ್ನಿಸುತ್ತದೆ. ಆದರೆ ಇದು ಬಳ್ಳಿಯಲ್ಲ, ಪೊದೆ, ಮತ್ತು ಬಳಸುವುದು ಬೇರನ್ನು. ನೆಟ್ಟು ಮೂರರಿಂದ ಐದು ವರ್ಷ ಬಿಟ್ಟು ಅಗೆಯುತ್ತಾರೆ. ಹಸಿ ಬೇರಿನ ಮಣ್ಣು, ಸಿಪ್ಪೆ ಕೆರೆದು ತುಂಡು ಮಾಡಿ, ಹುಡುಗರ ಕೈಗೆ ಕೊಡುತ್ತಾರೆ. ಅವರು ಅದನ್ನು ನುಂಗದೆ ನುಣ್ಣಗೆ ಜಗಿದು, ಮುದ್ದೆಯನ್ನು ಎಲೆಯ ಮೇಲೆ ಉಗುಳುತ್ತಾರೆ. ತೆಂಗಿನ ಗರಿಯ ಬುಡದಲ್ಲಿ ಗೋಣಿಯ ಹಾಗೆ ಹೆಣೆದುಕೊಂಡಿರುವ ನಾರಿನ ಹಾಳೆ ಇದೆಯಲ್ಲ, ಅದೇ ಇಲ್ಲಿ ಸೋಸುವ ಬಟ್ಟೆ. ಮುದ್ದೆಯನ್ನು ಅದರಲ್ಲಿಟ್ಟು, ಮೇಲಿಂದ ತಣ್ಣೀರು ಹೊಯ್ದು, ಹಿಂಡಿ ಕರಟಕ್ಕೆ ಇಳಿಸುತ್ತಾರೆ. ಬಣ್ಣ ಕೆಸರುನೀರಿನದು. ರುಚಿಯೂ ಹೆಚ್ಚುಕಡಿಮೆ ಅದೇ, ಜೊತೆಗೊಂದಿಷ್ಟು ಕಹಿ. ರಾಜಧಾನಿ ಪೋರ್ಟ್ ವಿಲಾದ ಕಾವಾ ಅಂಗಡಿಗಳಲ್ಲಿ ಜಗಿಯುವುದಿಲ್ಲ, ಯಂತ್ರದಲ್ಲಿ ಅರೆಯುತ್ತಾರೆ. ಎಂಜಲಿನ ಅಳುಕು ಇದ್ದವರು ಅಲ್ಲೇ ಕುಡಿದುಬಿಡುವುದು ವಾಸಿ. ನಾಕಮಾಲ್‌ನಲ್ಲಿ ಕರಟ ಕೈಗೆ ಬಂದ ಮೇಲೆ ಮುಖ ಸಿಂಡರಿಸಬಾರದು.

ಕುಡಿಯುವವನು ಗುಂಪಿನಿಂದ ಸ್ವಲ್ಪ ದೂರ ಹೋಗಿ ನಿಂತು, ಕರಟ ತುಟಿಗಿಟ್ಟರೆ ಮುಗಿಯುವ ತನಕ ಇಳಿಸುವುದಿಲ್ಲ. ಕೊನೆಯ ಗುಟುಕನ್ನು ಮಾತ್ರ ನುಂಗುವುದಿಲ್ಲ; ಗಾಳಿಗೆ ಚಿಮ್ಮುವಂತೆ ಉಗುಳಿ, ಸತ್ತ ಹಿರಿಯರಿಗೆ ಕೇಳಲೆಂದು ತನ್ನ ಬೇಡಿಕೆ ಹೇಳುತ್ತಾನೆ. ಮಳೆ ಬರಲಿ, ತೂಣಗೆಣಸು ದಪ್ಪಗೆ ಇಳಿಯಲಿ, ಕಾಯಿಲೆ ಬಿದ್ದವನು ಏಳಲಿ, ಇಂಥವು. ಇದಕ್ಕೆ ತಮಾಫಾ ಎಂದು ಹೆಸರು. ಪೂಜಾರಿಯಿಲ್ಲ, ಮಂತ್ರದ ಪುಸ್ತಕವಿಲ್ಲ. ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ, ಪಕ್ಕದವರಿಗೂ ಸರಿಯಾಗಿ ಕೇಳಿಸದು.

ಆಮೇಲೆ ಮೌನ. ಪ್ರವಾಸಿಗರು ಎಡವುವುದು ಇಲ್ಲೇ. ಕಾವಾ ಏರಿದವನಿಗೆ ಬೆಳಕು ಚುಚ್ಚುತ್ತದೆ, ಸದ್ದು ಬಡಿಯುತ್ತದೆ. ಹಿರಿಯರ ದನಿ ಕೇಳುವುದೂ ಆ ಹೊತ್ತಿನಲ್ಲೇ ಎಂಬುದು ಇಲ್ಲಿನವರ ನಂಬಿಕೆ. ಟಾರ್ಚನ್ನು ಯಾರ ಮುಖಕ್ಕೂ ಬಿಡಬಾರದು, ಕ್ಯಾಮೆರಾದ ಫ್ಲ್ಯಾಶ್ ಬೇಡವೇ ಬೇಡ, ಮೊಬೈಲ್ ಆಫ್ ಆಗಿರಲಿ. ಮಾತಾಡಲೇಬೇಕಿದ್ದರೆ ಪಿಸುದನಿ ಸಾಕು.

ದೇಹದ ಲೆಕ್ಕವೂ ಇದೆ. ಕಾವಾ ಖಾಲಿ ಹೊಟ್ಟೆಯಲ್ಲಿ ಕುಡಿಯುವಂಥದ್ದು, ಊಟ ಆಮೇಲೆ. ಮೊದಲೇ ಉಂಡಿದ್ದರೆ ಏರುವುದು ನಿಧಾನ, ವಾಕರಿಕೆ ಮಾತ್ರ ಬೇಗ. ತುಟಿ, ನಾಲಿಗೆ ಮರಗಟ್ಟುವುದು ಸಹಜ, ಹೆದರಬೇಕಿಲ್ಲ. ಮೊದಲ ಕರಟ ಕುಡಿದು ‘ಏನೂ ಆಗಲಿಲ್ಲವಲ್ಲ’ ಎಂದು ಹತ್ತು ನಿಮಿಷಕ್ಕೇ ಎರಡನೆಯದು ಕೇಳುವುದು ಹೊಸಬರ ತಪ್ಪು. ಹಸಿ ಬೇರಿನದು ಅಂಗಡಿಯ ಒಣ ಪುಡಿಗಿಂತ ಬಹಳ ಗಡುಸು. ತಲೆ ತಿಳಿಯಾಗೇ ಇರುತ್ತದೆ, ಎದ್ದು ನಿಂತಾಗ ಕಾಲು ಮಾತು ಕೇಳುವುದಿಲ್ಲ. ಮದ್ಯದ ಜೊತೆ ಬೆರೆಸಬಾರದು. ಯಕೃತ್ತಿನ ತೊಂದರೆ ಇದ್ದವರು, ನಿದ್ದೆ ಮಾತ್ರೆ ನುಂಗುವವರು ಕರಟ ಮುಟ್ಟದಿರುವುದೇ ಒಳ್ಳೆಯದು. ‘ಟು-ಡೇ’, ಅಂದರೆ ಎರಡು ದಿನದ್ದು, ಎಂಬ ತಳಿಗಳೂ ಇವೆ. ಅಮಲು, ವಾಕರಿಕೆ ಮರುದಿನಕ್ಕೂ ಉಳಿಯುವುದರಿಂದ ಆ ಹೆಸರು.

ತಾನ್ನಾದಲ್ಲಿ ಕಾವಾ ಹೊತ್ತಿಗೆ ಹೆಂಗಸರು ನಾಕಮಾಲ್ ಹತ್ತಿರ ಸುಳಿಯುವಂತಿಲ್ಲ. ಹೊರಗಿನವರಿಗೂ ಇದೇ ಕಟ್ಟಳೆ. ಇದು ಸರಿಯೋ ತಪ್ಪೋ ಎಂಬ ವಾದವನ್ನು ಅಲ್ಲಿ ನಿಂತು ಹೂಡುವುದರಿಂದ ಪ್ರಯೋಜನವಿಲ್ಲ. ಪೋರ್ಟ್ ವಿಲಾದ ಅಂಗಡಿಗಳಲ್ಲಿ ಈ ತಡೆ ಇಲ್ಲ.

ಮಾಟಕ್ಕೆ ಬಂದರೆ, ತಾನ್ನಾದ ಶಕ್ತಿಯೆಲ್ಲ ಕಲ್ಲಿನಲ್ಲಿ. ಮಳೆಗೊಂದು ಕಲ್ಲು, ಬಿಸಿಲಿಗೊಂದು, ಗೆಣಸಿಗೊಂದು. ಒಂದೊಂದನ್ನೂ ನೋಡಿಕೊಳ್ಳುವ ಹಕ್ಕು ಒಂದೊಂದು ಮನೆತನದ್ದು, ಹಿರಿಯರಿಂದ ಬಂದದ್ದು. ಗೊತ್ತಾದ ಸೊಪ್ಪಿನಿಂದ ಕಲ್ಲನ್ನು ಉಜ್ಜುವವನಿಗೆ ತನ್ನದೇ ವ್ರತ, ನೇಮಗಳಿರುತ್ತವೆ. ದಾರಿಬದಿಯ ಕಲ್ಲು ಚೆಂದ ಕಂಡಿತೆಂದು ಚೀಲಕ್ಕೆ ಹಾಕಿಕೊಂಡರೆ ಯಾರದೋ ಆಸ್ತಿ ಕದ್ದ ಹಾಗೆ. ಕೇಡಿನ ಮಾಟಕ್ಕೆ ನಹಾಕ್ ಎಂಬ ಹೆಸರಿತ್ತು. ಒಬ್ಬ ತಿಂದು ಬಿಟ್ಟ ಬಾಳೆಹಣ್ಣಿನ ಸಿಪ್ಪೆಯೋ, ಕಚ್ಚಿದ ಹಣ್ಣಿನ ಚೂರೋ ಸಿಕ್ಕರೆ ಸಾಕು, ಅದನ್ನು ಎಲೆಯಲ್ಲಿ ಸುತ್ತಿ ಮೆಲ್ಲಗೆ ಸುಟ್ಟರೆ ತಿಂದವನು ಸೊರಗುತ್ತಾನೆ ಎಂದು ನಂಬಿಕೆ. 1858ರಲ್ಲಿ ತಾನ್ನಾದ ಪೋರ್ಟ್ ರೆಸೊಲ್ಯೂಷನ್‌ಗೆ ಬಂದ ಸ್ಕಾಟ್ಲೆಂಡಿನ ಮಿಷನರಿ ಜಾನ್ ಪೇಟನ್, ತಾನೇ ಕಚ್ಚಿದ ಹಣ್ಣುಗಳನ್ನು ಮೂವರು ಮಾಟಗಾರರ ಕೈಗಿತ್ತು ‘ಕೊಲ್ಲಿ ನೋಡೋಣ’ ಎಂದು ಸವಾಲು ಹಾಕಿದ್ದ. ಸಾಯಲಿಲ್ಲ. ಆದರೆ 1862ರಲ್ಲಿ ದ್ವೀಪ ಬಿಟ್ಟು ಓಡಬೇಕಾಯಿತು.

ಆಮೇಲೆ ಬಂದ ಪ್ರೆಸ್ಬಿಟೇರಿಯನ್ ಪಂಥದ ಮಿಷನರಿಗಳು ಗೆದ್ದರು. ಕಾವಾ, ಕುಣಿತ ಎರಡಕ್ಕೂ ನಿಷೇಧ ಬಿತ್ತು. ಇಲ್ಲಿನ ಅನೇಕರು ದೇವರೆಂದು ನಂಬುವ ಜಾನ್ ಫ್ರಮ್‌ನ ಕಥೆ ಶುರುವಾಗುವುದು ಈ ನಿಷೇಧದಿಂದ. 1940ರ ಸುಮಾರಿಗೆ ಆ ಹೆಸರು ಹಬ್ಬಿತು. ಮಿಷನ್ ಬಿಡಿ, ಕಾವಾ ಕುಡಿಯಿರಿ, ಕುಣಿಯಿರಿ ಎಂಬುದು ಅವನ ಮಾತು. 1941ರ ಮೇ ತಿಂಗಳ ಒಂದು ಭಾನುವಾರ ಚರ್ಚುಗಳು ಖಾಲಿ ಬಿದ್ದವು. ಅಮೆರಿಕದ ಸೈನ್ಯ ಈ ದ್ವೀಪಗಳಿಗೆ ಬಂದದ್ದು 1942ರಲ್ಲಿ. ಅಂದರೆ ವಿಮಾನ, ಡಬ್ಬಿ ಆಹಾರ ನೋಡಿ ಬೆರಗಾಗಿ ಹುಟ್ಟಿಸಿಕೊಂಡ ದೇವರು ಇವನು ಎಂಬ ಜನಪ್ರಿಯ ವಿವರಣೆ ಇಸವಿಯ ಲೆಕ್ಕಕ್ಕೇ ನಿಲ್ಲುವುದಿಲ್ಲ. ಅಮೆರಿಕ ಆಮೇಲೆ ಸೇರಿಕೊಂಡಿತು. ಜಾನ್‌ನ ಅನುಯಾಯಿಗಳ ಮುಖಂಡರನ್ನು ವರ್ಷಗಟ್ಟಲೆ ಸೆರೆಯಲ್ಲಿಟ್ಟ ಮೇಲೆ, 1957ರ ಫೆಬ್ರವರಿ 15ರಂದು ಸಲ್ಫರ್ ಬೇ ಹಳ್ಳಿಯಲ್ಲಿ ಅಮೆರಿಕದ ಬಾವುಟ ಏರಿತು. ಕವಾಯತು ನಡೆಯುವುದು ಪ್ರತಿವರ್ಷ ಅದೇ ದಿನ. ನನಗೆ ಕೇಳಿದರೆ ಕವಾಯತಿಗಿಂತ ಶುಕ್ರವಾರದ ರಾತ್ರಿ ಮೇಲು: ಗಿಟಾರ್ ಹಿಡಿದು ಬೇರೆಬೇರೆ ಊರಿನ ತಂಡಗಳು ಬೆಳಗಿನವರೆಗೆ ಜಾನ್‌ನ ಹಾಡು ಹಾಡುತ್ತವೆ.

ಫೆಬ್ರವರಿಗೆ ಹೋಗುವುದಾದರೆ ಅದು ಚಂಡಮಾರುತದ ಕಾಲ ಎಂಬುದು ನೆನಪಿರಲಿ. 2015ರ ಮಾರ್ಚ್‌ನಲ್ಲಿ ಪ್ಯಾಮ್ ತಾನ್ನಾವನ್ನು ನೆಲಸಮ ಮಾಡಿತ್ತು. ಹಿಂತಿರುಗುವ ವಿಮಾನಕ್ಕೆ ಎರಡು ದಿನವಾದರೂ ಅಂತರ ಇಟ್ಟುಕೊಳ್ಳಬೇಕು. ವಿಮಾನ ಇಳಿಯುವುದು ಪಶ್ಚಿಮ ತೀರದ ವೈಟ್‌ಗ್ರಾಸ್‌ನಲ್ಲಿ. ಯಾಸೂರ್, ಸಲ್ಫರ್ ಬೇ ಎರಡೂ ಪೂರ್ವಕ್ಕೆ. ನಡುವಿನ ಬೂದಿ ಬಯಲು ದಾಟಲು ಫೋರ್‌ವೀಲ್ ಜೀಪೇ ಆಗಬೇಕು. ಹಳ್ಳಿಗಳಲ್ಲಿ ಕಾರ್ಡ್ ನಡೆಯದು, ವಾಟು ನೋಟುಗಳನ್ನು ಪೋರ್ಟ್ ವಿಲಾದಲ್ಲೇ ಚಿಲ್ಲರೆ ಮಾಡಿಸಿಕೊಳ್ಳಿ. ಯಾಸೂರ್ 361 ಮೀಟರ್ ಅಷ್ಟೇ, ಜೀಪು ಬಾಯಿಯ ಹತ್ತಿರದವರೆಗೂ ಹೋಗುತ್ತದೆ. ಅಪಾಯದ ಮಟ್ಟವನ್ನು 0ರಿಂದ 5ರವರೆಗೆ ಸರ್ಕಾರ ಪ್ರಕಟಿಸುತ್ತದೆ. ಹೊರಡುವ ದಿನ ಬೆಳಗ್ಗೆ ಅದನ್ನು ನೋಡಿ. ಅಂಚಿನಲ್ಲಿ ಗಾಳಿ ಬೆನ್ನಿಗಿರುವ ಕಡೆ ನಿಲ್ಲಬೇಕು. ಕೆಂಡದ ಕಲ್ಲು ಮೇಲೆದ್ದರೆ ಬೆನ್ನು ತಿರುಗಿಸಿ ಓಡದೆ, ಅದು ಎತ್ತ ಬೀಳುತ್ತದೆ ನೋಡಿ ಪಕ್ಕಕ್ಕೆ ಸರಿಯಬೇಕು. ಜೊತೆಗೆ ಬಂದ ಗೈಡ್ ಅಲ್ಲಿ ದನಿ ತಗ್ಗಿಸಿದರೆ ನೀವೂ ತಗ್ಗಿಸಿ. ಜಾನ್‌ನ ಸೈನ್ಯ ಬಿಡಾರ ಹೂಡಿರುವುದು ಆ ಗುಡ್ಡದೊಳಗೇ.